ಹೂಂ ಅಂದವನ ಕೈ

ನಜರ್‌ಬಾದಿನ ಹಿಂದಿನ ಓಣಿಯಲ್ಲಿ, ಸಾಹುಕಾರ ಮಹದೇವಸ್ವಾಮಿಯವರ ಖಾರದಪುಡಿ ಮಿಲ್ಲಿನಲ್ಲಿ, ನಾಲ್ಕು ಜನ ರಾಕ್ಷಸರು ಸಾಲಾಗಿ ನಿಂತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಎದ್ದರೆ ಸಂಜೆ ಆರರ ತನಕ ನೆಲ ಗುದ್ದುವುದೇ ಅವರ ಕೆಲಸ. ಮಿಕ್ಕವರ ಕಣ್ಣಿಗೆ ಅವು ಆಳುದ್ದದ ಕಬ್ಬಿಣದ ಒನಕೆಗಳು. ಮೇಲೆ ತಿರುಗುವ ದಂಡವೊಂದು ಅವನ್ನು ಎತ್ತೆತ್ತಿ ನೆಲದಲ್ಲಿ ಹೂತ ಒರಳುಗಳಿಗೆ ಬೀಳಿಸುತ್ತಿತ್ತು, ಅಷ್ಟೆ. ಕುಸುಮಳ ಕಣ್ಣಿಗೆ ಮಾತ್ರ ರಾಕ್ಷಸರೇ. ಮಂಡಕಳ್ಳಿಯ ಮನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಕತೆ ಕೇಳಿ ಬೆಳೆದವಳು ಅವಳು. ಇಪ್ಪತ್ತಾರು ತುಂಬಿದ್ದರೂ, ಬಸ್ಸಿನ ಕಿಟಕಿಯಿಂದ ಬೆಟ್ಟ ಕಂಡಾಗ ಯಾರೋ ಮಗ್ಗುಲಾಗಿ ಮಲಗಿದ್ದಾರೆ, ಈಗ ಏಳಬಹುದು ಅನ್ನಿಸುತ್ತಿತ್ತು.

ಮೂರನೆಯ ರಾಕ್ಷಸನಿಗೆ ಹಸಿವು ಜಾಸ್ತಿ ಅಂತ ಅವಳು ಮಿಲ್ಲಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಅಂದಿದ್ದಳು. ಅವಳಿಗೆ ಕೆಲಸ ಕಲಿಸುತ್ತಿದ್ದ ಹಿರಿಯಾಳು ಶಿವನಂಜಮ್ಮ ನಕ್ಕಿದ್ದರು. "ನಿನ್ ತಲೆ. ಅವ್ನ ಒರಳು ಕಿರಿದು, ಪುಡಿ ಬೇಗ ಅಂಟ್ಕೋತದೆ. ಅದ್ಕೆ ನಾವು ಅವ್ನ ಬಾಯಿಗೆ ಹೆಚ್ಚು ಸಲ ಕೈ ಹಾಕ್ಬೇಕು, ಅಷ್ಟೇಯ."

ಕೈ ಹಾಕುವುದು. ಆ ಮಿಲ್ಲಿನ ಕೆಲಸವೆಲ್ಲ ನಿಂತದ್ದು ಅದರ ಮೇಲೆ. ಮೆಣಸಿನಕಾಯಿಯ ಜಿಡ್ಡಿಗೆ ಪುಡಿ ಒರಳಿನ ತಳದಲ್ಲಿ ರೊಟ್ಟಿಯ ಹಾಗೆ ಕಚ್ಚಿಕೊಳ್ಳುತ್ತಿತ್ತು. ಸೌಟು ತಳ ಮುಟ್ಟುತ್ತಿರಲಿಲ್ಲ, ಬೆರಳೇ ಬೇಕು. ಮೋಟಾರು ಹಳೆಯದು, ನಿಲ್ಲಿಸಿದರೆ ಮತ್ತೆ ಹೊರಡಲು ಸತಾಯಿಸುತ್ತದೆ ಅಂತ ಬೆಳಿಗ್ಗೆ ಹಚ್ಚಿದ್ದನ್ನು ಸಂಜೆಯೇ ಆರಿಸುತ್ತಿದ್ದರು. ಹಾಗಾಗಿ ಗೋಡೆಯ ಪಕ್ಕ ಎದೆಯೆತ್ತರಕ್ಕೆ ಒಂದು ಮರದ ಹಿಡಿ ಇತ್ತು. ಅದನ್ನು ಕೆಳಗೆ ಜಗ್ಗಿ ಮೈಭಾರವನ್ನೆಲ್ಲ ಹಾಕಿದರೆ ಮೇಲಿನ ಕೊಕ್ಕೆಗಳು ನಾಲ್ಕೂ ಒನಕೆಗಳನ್ನು ಎತ್ತರದಲ್ಲೇ ಕಚ್ಚಿಕೊಳ್ಳುತ್ತಿದ್ದವು. ಹಿಡಿ ಬಿಟ್ಟರೆ ಬೀಳುತ್ತಿದ್ದವು.

ಒಬ್ಬರು ಒರಳಿನ ಮುಂದೆ ಕೂರಬೇಕು, ಇನ್ನೊಬ್ಬರು ಹಿಡಿಯ ಹತ್ತಿರ ನಿಲ್ಲಬೇಕು. ಕೂತವರು ಆ ಗದ್ದಲದ ಮೇಲೆ "ಕೈ?" ಅಂತ ಕೂಗುತ್ತಾರೆ. ನಿಂತವರು ಹಿಡಿ ಜಗ್ಗಿ, ಒನಕೆ ನಿಂತ ಮೇಲೆ "ಹೂಂ" ಅನ್ನುತ್ತಾರೆ. ಕೈ ಹಾಕಿ, ಬಾಚಿ, ಹೊರಗೆ ತೆಗೆದ ಮೇಲೆ ಕೂತವರು "ಬುಡು" ಅನ್ನುತ್ತಾರೆ. ಆಗ ಒನಕೆ ಬೀಳುತ್ತದೆ. ದಿನಕ್ಕೆ ಮುನ್ನೂರು ಸಲ ಕೈ, ಹೂಂ, ಬುಡು. ಕತೆಗೂ ಇದೇ ಕಾನೂನು ಅಂತ ಕುಸುಮಳಿಗೆ ಗೊತ್ತಿತ್ತು. ಕೇಳುವವರು ಹೂಂಗುಟ್ಟದಿದ್ದರೆ ಅಜ್ಜಿ ಕತೆ ನಿಲ್ಲಿಸಿಬಿಡುತ್ತಿದ್ದಳು.

ಹಿಡಿಯ ಹತ್ತಿರ ನಿಲ್ಲುವವನು ದಿಲೀಪ. ಇಪ್ಪತ್ತೆಂಟರ ಆಳು, ಜಿಮ್ಮಿಗೆ ಹೋಗಿ ಬೆಳೆಸಿದ ತೋಳು, ಬಲಗೈಗೆ ಬೆರಳು ದಪ್ಪದ ಸ್ಟೀಲ್ ಕಡಗ. ಸಾಹುಕಾರರು ಎದುರಿಗಿದ್ದರೆ ಮೆಣಸಿನಕಾಯಿ ಮೂಟೆ ಎರಡು ಹೆಗಲಿಗೆ ಎರಡು. ಅವರು ಮುಂದಿನ ಕಟ್ಟೆಗೆ ಹೋಗಿ ಕೂತ ತಕ್ಷಣ ಅವನಿಗೆ ಸೊಂಟ ನೋವು, ಫೋನು, ಮೂತ್ರ, ತಂಗಿಯ ಮದುವೆ ಮಾತುಕತೆ. ಡಬ್ಬಿ ಹಿಡಿದು ಬರುವ ಗೃಹಿಣಿಯರ ಜೊತೆ "ಏನ್ ಆಂಟಿ, ಈ ಸಲ ಬ್ಯಾಡಗಿ ಜಾಸ್ತಿ ಹಾಕ್ಸಿದೀರಾ, ಅಂಕಲ್‌ಗೆ ಕಲರ್ ಬೇಕಾ?" ಅಂತ ನಗಿಸುತ್ತಾ ಅರ್ಧ ಗಂಟೆ ನುಂಗುತ್ತಿದ್ದ. ಜರಡಿ ಹಿಡಿಯುವುದು ಅವನ ಪಾಲಿನ ಕೆಲಸ, ಹಿಡಿಯುತ್ತಿದ್ದವಳು ಕುಸುಮ. ಮೂಟೆ ಬಿಚ್ಚಿ ತೊಟ್ಟು ಬಿಡಿಸುವುದೂ ಅವನ ಪಾಲೇ, ಬಿಡಿಸುತ್ತಿದ್ದವರು ಶಿವನಂಜಮ್ಮ. ಬೆಲ್ಟು ಹರಿದರೆ ಹೊಲಿಯಲು ಅವನೊಬ್ಬನಿಗೇ ಬರುತ್ತಿತ್ತು. ಹಾಗಾಗಿ ಸಾಹುಕಾರರು ಅವನಿಗೆ ಏನೂ ಅನ್ನುತ್ತಿರಲಿಲ್ಲ.

"ಹೋಗ್ಲಿ ಬುಡು ಕಣೆ," ಅನ್ನುತ್ತಿದ್ದರು ಶಿವನಂಜಮ್ಮ. "ಹಿಡಿ ಒಂದು ಸರಿಯಾಗಿ ಹಿಡ್ದ್ರೆ ಸಾಕು, ಮಿಕ್ಕಿದ್ದು ನಾವೇ ಮಾಡ್ಕೊಳ್ಳವ."

ಏಪ್ರಿಲಿನ ಒಂದು ಮಂಗಳವಾರ. ಮೈಸೂರಿನ ಅರ್ಧ ಊರು ವರ್ಷದ ಸಾಂಬಾರುಪುಡಿ ಮಾಡಿಸಿಟ್ಟುಕೊಳ್ಳುವ ಕಾಲ. ಬೆಂಚಿನ ಮೇಲೆ ಡಬ್ಬಿಗಳ ಸಾಲು ಬೀದಿಯವರೆಗೆ ಬಂದಿತ್ತು. ಕುಸುಮ ಮೂಗಿಗೆ ಬಟ್ಟೆ ಕಟ್ಟಿಕೊಂಡು ಜರಡಿ ಆಡಿಸುತ್ತಿದ್ದಳು. ಶಿವನಂಜಮ್ಮ ಮೂರನೆಯ ಒರಳಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು "ಕೈ?" ಅಂದರು. ಒನಕೆಗಳು ಮೇಲೆ ನಿಂತವು. "ಹೂಂ" ಬಂತು.

ಬಂದ ದಿಕ್ಕು ಸರಿಯಿಲ್ಲ ಅಂತ ಕುಸುಮಳ ಕಿವಿ ಹೇಳಿತು. ಹಿಡಿ ಇರುವುದು ಎಡಕ್ಕೆ. ಹೂಂ ಬಂದದ್ದು ಹಿಂಬಾಗಿಲ ಕಡೆಯಿಂದ. ಅವಳು ತಲೆ ಎತ್ತುವಷ್ಟರಲ್ಲಿ ಮೂರನೆಯವನು ಬಿದ್ದ.

ಶಬ್ದ ಎಂದಿನದಲ್ಲ. ಎಂದಿನದು ಧಣ್ ಅನ್ನುತ್ತಿತ್ತು. ಇದು ಹಸಿ ಸೌದೆ ಮುರಿದ ಹಾಗೆ. ಶಿವನಂಜಮ್ಮ ಕೂಗಲಿಲ್ಲ. ಬಾಯಿ ತೆರೆದು, ತನ್ನ ತೋಳು ಒರಳಿನೊಳಗೆ ಹೋಗಿರುವುದನ್ನೇ ಬೇರೆ ಯಾರದೋ ಅನ್ನುವಂತೆ ನೋಡುತ್ತಿದ್ದರು. ಒನಕೆ ಮತ್ತೆ ಎದ್ದಿತು. ಮತ್ತೆ ಬಿತ್ತು. ಎರಡನೆಯ ಏಟಿಗೆ ಕೂಗಿದರು. ಕುಸುಮ ಜರಡಿ ಎಸೆದು, ಅವರ ಸೊಂಟ ತಬ್ಬಿ ಹಿಂದಕ್ಕೆ ಎಳೆದು ಬೀಳಿಸಿದಳು. ಪುಡಿಯ ಕೆಂಪು ಯಾವುದು, ರಕ್ತದ ಕೆಂಪು ಯಾವುದು ಗೊತ್ತಾಗುತ್ತಿರಲಿಲ್ಲ. ತೆರೆದ ಮಾಂಸಕ್ಕೆ ಖಾರ ಹತ್ತಿ ಆ ಹೆಂಗಸು ನೆಲದ ಮೇಲೆ ಹೊರಳಿದ ರೀತಿಯನ್ನು ಕುಸುಮ ಯಾವ ಕತೆಯಲ್ಲೂ ಕೇಳಿರಲಿಲ್ಲ. ಒರಳಿನಲ್ಲಿ ಮೂರು ಬೆರಳು ಉಳಿದವು. ಯಾರದೋ ಮನೆಯ ನಾಲ್ಕು ಕೇಜಿ ಪುಡಿಯನ್ನು ಅವತ್ತು ಸಂಜೆ ಹಿತ್ತಲಲ್ಲಿ ಹೂತರು.

ಓಡಿಬಂದ ಸಾಹುಕಾರರು ದಿಲೀಪನನ್ನು ಕೇಳಿದ್ದು ಒಂದೇ ಮಾತು. "ನಿನ್ ಕೈ ಹಿಡಿ ಮೇಲಿತ್ತೇನೋ?"

"ಇತ್ತು ಸಾವ್ಕಾರ್ರೇ, ದೇವರಾಣೆ. ಅವ್ರೇ ಬುಡು ಅಂದ್ರು, ಬುಟ್ಟೆ. ಆಮೇಲೆ ಯಾಕೆ ತಿರ್ಗ ಕೈ ಹಾಕಿದ್ರೋ ಗೊತ್ತಿಲ್ಲ. ವಯಸ್ಸಾಯ್ತು, ತೂಕಡ್ಸಿರ್ಬೇಕು." ಹೀಗಂದು ಅವನು ಅತ್ತ. ಅವನ ಅಳು ಚೆನ್ನಾಗಿತ್ತು. ಬೆಂಚಿನ ಮೇಲಿದ್ದ ಹೆಂಗಸರಿಗೂ ಕಣ್ಣು ತುಂಬಿತು.

ಶಿವನಂಜಮ್ಮ ಆಸ್ಪತ್ರೆಯಿಂದ ಬಂದು ಪಕ್ಕದ ಓಣಿಯ ತಮ್ಮ ಒಂಟಿ ಕೋಣೆಯಲ್ಲಿ ಕೂತಿದ್ದರು. ಬಲಗೈ ಬಿಳಿ ಬಟ್ಟೆಯ ಉಂಡೆ. ನೋಡಲು ಹೋದ ಕುಸುಮಳಿಗೆ ನೋವಿನ ಸುದ್ದಿ ಏನೂ ಹೇಳಲಿಲ್ಲ.

"ನಾನು ಬುಡು ಅನ್ನಲಿಲ್ಲ ಕಣೆ."

"ಗೊತ್ತು ನಂಜಕ್ಕ."

"ಇಪ್ಪತ್ತೆರಡು ವರ್ಷ ಆ ಒರಳ ಮುಂದೆ ಕೂತಿದ್ದೀನಿ. ತೂಕಡಿಕೆಯಂತೆ! ಬೀದಿ ಹೆಂಗಸ್ರೆಲ್ಲ ಬಂದು ಪಾಪ, ವಯಸ್ಸಾದ್ಮೇಲೆ ಮನೇಲಿರ್ಬಾರ್ದಾ ಅಂತವ್ರೆ. ಕೈ ಹೋದ್ರೆ ಹೋಯ್ತು ಕುಸುಮ. ಅವ್ನು ನನ್ ಕೆಲ್ಸಾನೇ ಸುಳ್ಳು ಮಾಡ್ಬುಟ್ಟ."

ಮಾರನೆಯ ದಿನದಿಂದ ಒರಳಿನ ಮುಂದೆ ಕೂತವಳು ಕುಸುಮ. ಹಿಡಿಯ ಹತ್ತಿರ ಅದೇ ದಿಲೀಪ.

ಅವತ್ತೇ ಅವಳಿಗೆ ಬೆಣೆ ಸಿಕ್ಕಿತು. ಗುಂಟೂರು ಮೆಣಸಿನಕಾಯಿ ಮೂಟೆಯೊಳಗೆ ಕೈಯಿಟ್ಟಾಗ ಗಟ್ಟಿಯಾದದ್ದೇನೋ ತಗುಲಿತು. ಗೇಣುದ್ದದ ಜಾಲಿಮರದ ತುಂಡು, ಒಂದು ತುದಿ ಚೂಪು, ಇನ್ನೊಂದು ತುದಿ ಏಟು ತಿಂದು ಚಪ್ಪಟೆ. ಮೈಮೇಲೆ ಹಿಡಿಯ ಎಣ್ಣೆಯ ಕಪ್ಪು ಗೆರೆ. ಯಾರೂ ಇಲ್ಲದಾಗ ಹೋಗಿ ಹಿಡಿಗೂ ಗೋಡೆಯ ಕಬ್ಬಿಣದ ಪಟ್ಟಿಗೂ ನಡುವೆ ಇಟ್ಟು ನೋಡಿದಳು. ಬೀಗದೊಳಗೆ ಕೀಲಿ ಹೋದ ಹಾಗೆ ಕೂತಿತು. ಮನುಷ್ಯ ನಿಲ್ಲಬೇಕಾದ ಜಾಗದಲ್ಲಿ ಅವನು ಇದನ್ನು ನಿಲ್ಲಿಸಿ, ಹಿಂಬಾಗಿಲ ನೆರಳಿನಲ್ಲಿ ಫೋನು ನೋಡುತ್ತಾ ಅಲ್ಲಿಂದಲೇ ಹೂಂ ಅನ್ನುತ್ತಿದ್ದ. ಬುಡು ಅಂದಾಗ ಬಂದು ಒದ್ದು ಬೀಳಿಸುತ್ತಿದ್ದ. ಎಷ್ಟು ತಿಂಗಳಿಂದಲೋ! ಇಡೀ ಮಿಲ್ಲು ನಡುಗುವಾಗ ಈ ತುಂಡು ಎಷ್ಟು ಹೊತ್ತು ನಿಂತೀತು?

ಕುಸುಮಳಿಗೆ ಅಜ್ಜಿಯ ಕತೆಯೊಂದು ನೆನಪಾಯಿತು. ಒಂದೂರಲ್ಲಿ ಪಾತಾಳದಷ್ಟು ಆಳದ ಬಾವಿ. ತಳದಲ್ಲಿ ಮುತ್ತು. ಮುತ್ತು ತರಲು ಇಳಿಯುವವಳು ರಾಜನ ಕಿರಿಮಗಳು, ಮೇಲೆ ಹಗ್ಗ ಹಿಡಿಯುವವನು ಕಾವಲುಗಾರ. ಅವಳು ಒಳಗಿನಿಂದ "ಇದೀಯಾ?" ಅನ್ನಬೇಕು, ಅವನು "ಹೂಂ" ಅನ್ನಬೇಕು. ಕಾವಲುಗಾರನಿಗೆ ಬೇಸರ ಬಂತು. ಹಗ್ಗವನ್ನು ಒಣಗಿದ ಮರದ ಬುಡಕ್ಕೆ ಕಟ್ಟಿ, ಗೊರವಂಕ ಹಕ್ಕಿಗೆ ಹೂಂ ಅನ್ನುವುದನ್ನು ಕಲಿಸಿ ಕೊಂಬೆಯ ಮೇಲೆ ಕೂರಿಸಿ, ಮಲಗಲು ಹೋದ. ಬುಡ ಮುರಿಯಿತು. "ಆಮೇಲೆ ಕಾವಲುಗಾರಂಗೆ ಏನ್ ಮಾಡಿದ್ರಜ್ಜಿ?" ಅಂತ ಕೇಳುವಷ್ಟರಲ್ಲಿ ಪ್ರತಿಸಲವೂ ಕುಸುಮಳಿಗೆ ನಿದ್ದೆ ಹತ್ತಿರುತ್ತಿತ್ತು. ಅಜ್ಜಿ ತೀರಿಕೊಂಡಳು. ಕೊನೆ ಗೊತ್ತಾಗಲೇ ಇಲ್ಲ.

ಬೆಣೆ ತೆಗೆದುಕೊಂಡು ಹೋಗಿ ಸಾಹುಕಾರರ ಮುಂದೆ ಇಟ್ಟಳು. ಅವರು ಅದನ್ನು ತಿರುಗಿಸಿ ನೋಡಿದರು.

"ಇದೇನಮ್ಮ, ಮಿಲ್ಲಲ್ಲಿ ಇಂಥಾ ತುಂಡು ನೂರಿದಾವೆ. ಯಾರಾದ್ರೂ ಕಣ್ಣಾರೆ ನೋಡಿದೀರಾ?"

"ನೋಡಿಲ್ಲ. ಆದ್ರೆ ಹೂಂ ಅಂದಿದ್ದು ಹಿಂಬಾಗಿಲಿಂದ."

"ಆ ಗಲಾಟೇಲಿ ದಿಕ್ಕು ಗೊತ್ತಾಯ್ತಾ ನಿಂಗೆ? ಕತೆ ಕಟ್ಬೇಡ ಕಣಮ್ಮ. ಸೀಸನ್ನು. ಹೋಗು, ಕೂತ್ಕೋ."

ಅವಳು ಬೆಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಕೂತಳು. ಆದರೆ ಹೂಂ ಬಂದಾಗೆಲ್ಲ ಎದ್ದು, ಹಿಡಿಯ ಮೇಲೆ ಕೈ ಇದೆಯೇ ಅಂತ ಕಣ್ಣಾರೆ ನೋಡಿ, ಆಮೇಲೆ ಬಗ್ಗುತ್ತಿದ್ದಳು. ಕೆಲಸ ಅರ್ಧಕ್ಕೆ ಇಳಿಯಿತು. ಡಬ್ಬಿಯವರು ಗೊಣಗಿದರು. ಸಾಹುಕಾರರು ಎರಡು ಸಲ ಬೈದರು. ಸಂಜೆ ಬಸ್ಸಿನಲ್ಲಿ ಕೂತು ಹತ್ತೂ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುವುದು ಅವಳಿಗೆ ಅಭ್ಯಾಸವಾಯಿತು. ಕನಸಿನಲ್ಲಿ ಮೂರನೆಯವನು ಬಾಯಿ ತೆರೆದು ಕೇಳುತ್ತಿದ್ದ: ಇವತ್ತು ಯಾವುದು?

ನಾಲ್ಕನೆಯ ದಿನ ಊಟದ ಹೊತ್ತು, ಮೂಟೆಗಳ ಹಿಂದೆ ದಿಲೀಪ ಅವಳನ್ನು ಅಡ್ಡಗಟ್ಟಿದ. ಸಾಹುಕಾರರು ದೇವರಾಜ ಮೊಹಲ್ಲಾದ ಅಂಗಡಿಗೆ ಹೋಗಿದ್ದರು.

"ಏನ್ ಕುಸುಮಕ್ಕಾ, ಮರದ ತುಂಡು ತಗೊಂಡ್ ಪೂಜೆ ಮಾಡಿಸ್ತಿದ್ದೀಯಂತೆ?"

"ದಾರಿ ಬುಡು."

"ಕೊಡು ಅದ್ನ."

"ನಂಜಕ್ಕನ ಹತ್ರ ಹೋಗಿ ನಿಜ ಹೇಳು. ಕೊಡ್ತೀನಿ."

ಅವನು ನಕ್ಕ. ನಗುತ್ತಲೇ ಅವಳ ಜಡೆಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ತಲೆಯನ್ನು ಬಾಯಿ ಬಿಚ್ಚಿದ ಮೂಟೆಯೊಳಗೆ ತುರುಕಿದ. ಒಣ ಮೆಣಸಿನಕಾಯಿ ಕಣ್ಣಿಗೆ, ಮೂಗಿಗೆ, ತುಟಿಯ ಸೀಳಿಗೆ. ಅವಳು ಉಸಿರು ಎಳೆದಳು, ಎಳೆದದ್ದು ಬೆಂಕಿ. ಕಾಲು ಝಾಡಿಸಿದಳು. ಅವನು ಬೆನ್ನಿನ ಮೇಲೆ ಮೊಣಕಾಲಿಟ್ಟು ಒತ್ತಿದ.

"ನಿಜ ಬೇಕಾ? ತಿನ್ನು. ಬಾಯಿ ತೆರೆದ್ರೆ ನಿಂದೂ ಹೋಗ್ತದೆ ಕೈ. ನಾನೇ ಅಲ್ವಾ ನಿಲ್ಲೋದು ಅಲ್ಲಿ?"

ಅವನು ಬಿಟ್ಟು ಹೋದ ಮೇಲೆ ಅವಳು ಅರ್ಧ ಗಂಟೆ ನಲ್ಲಿಯ ಕೆಳಗೆ ಮುಖವಿಟ್ಟು ಕೂತಿದ್ದಳು. ಬೆಣೆ ಸೊಂಟದಲ್ಲೇ ಇತ್ತು. ಚೂಪು ತುದಿ ಹೊಟ್ಟೆಗೆ ಒತ್ತಿ ಚರ್ಮ ಸುಲಿದಿತ್ತು. ಮನೆಗೆ ಹೋಗಿಬಿಡಬಹುದಿತ್ತು. ಹೋದರೆ ನಂಜಕ್ಕ ತೂಕಡಿಸಿದ ಹೆಂಗಸಾಗಿಯೇ ಸಾಯುತ್ತಾರೆ, ನಾಳೆ ಈ ಒರಳಿನ ಮುಂದೆ ಇನ್ನೊಬ್ಬಳು ಕೂರುತ್ತಾಳೆ. ಎದ್ದು ಹೋಗಿ ಕೂತಳು.

ಮೂರು ಗಂಟೆಗೆ ಸಾಹುಕಾರರು ವಾಪಸು ಬಂದು ಕಟ್ಟೆಯ ಮೇಲಿದ್ದರು. ಬೆಂಚಿನಲ್ಲಿ ಐದಾರು ಹೆಂಗಸರು. ಕುಸುಮ ಕೂಗಿದಳು: "ಕೈ?"

ಒನಕೆಗಳು ನಿಂತವು. "ಹೂಂ."

ಹಿಂಬಾಗಿಲ ಕಡೆಯಿಂದ.

ಅವಳು ಏಳಲಿಲ್ಲ. ಕೈಯ ಬದಲು ಸೌಟನ್ನು ಒರಳಿನೊಳಗೆ ಇಳಿಸಿ ಹಿಡಿದು ಕಾದಳು. ಒಂದು. ಎರಡು. ಮೂರು. ಏಳಕ್ಕೆ ಬಂದಾಗ ಮೂರನೆಯವನು ಬಿದ್ದ. ಸೌಟಿನ ಬಟ್ಟಲು ಎಲೆಯ ಹಾಗೆ ಮಡಚಿಕೊಂಡಿತು. ಅದರ ಹಿಡಿಕೆ ಅವಳ ಅಂಗೈಯಲ್ಲಿ ಮಿಡಿಯಿತು. ಗೋಡೆಯ ಹತ್ತಿರ ಮರದ ತುಂಡೊಂದು ಟಕ್ ಅಂತ ನೆಲಕ್ಕೆ ಉರುಳಿದ್ದು ಕಂಡಿತು. ಹೊಸ ಬೆಣೆ. ಅವನು ಇನ್ನೊಂದನ್ನು ಕೆತ್ತಿಕೊಂಡಿದ್ದ.

ಹೊಸದನ್ನು ಕೆತ್ತಿಕೊಂಡಿದ್ದ! ಮೂರು ಬೆರಳು ಮಣ್ಣಿಗೆ ಹೋಗಿ ಹದಿನೈದು ದಿನವಾಗಿರಲಿಲ್ಲ, ಕೂತು, ಚಾಕು ಹಿಡಿದು, ತಾಳ್ಮೆಯಿಂದ ಕೆತ್ತಿದ್ದ. ಅಷ್ಟು ಕೆಲಸವನ್ನು ಅವನು ಮಿಲ್ಲಿನಲ್ಲಿ ಯಾವತ್ತೂ ಮಾಡಿರಲಿಲ್ಲ.

ಕುಸುಮ ಎದ್ದಳು. ಹಿಂಬಾಗಿಲಲ್ಲಿ ದಿಲೀಪ ಬೆನ್ನು ತಿರುಗಿಸಿ ಫೋನು ನೋಡುತ್ತಾ ನಿಂತಿದ್ದ. ಸೌಟಿನ ಹಿಡಿಕೆಯಿಂದ ಅವನ ಕಿವಿಯ ಮೇಲೆ ಬೀಸಿದಳು. ಕಿವಿ ಹರಿಯಿತು. ಫೋನು ಹಿತ್ತಲಿಗೆ ಹಾರಿತು. "ಅಯ್ಯೋ ಲೌಡಿ..." ಅಂತ ತಿರುಗಿದವನ ಬಾಯಿಗೆ ಇನ್ನೊಂದು ಕೊಟ್ಟಳು, ಹಲ್ಲು ತಗುಲಿದ್ದು ಮೊಣಕೈಯವರೆಗೆ ಗೊತ್ತಾಯಿತು. ಅವನು ಅವಳ ಕುತ್ತಿಗೆ ಹಿಡಿದು ಗೋಡೆಗೆ ಬಡಿದ. ಒಂದು ಸಲ, ಎರಡು ಸಲ. ಕಣ್ಣಿಗೆ ಕತ್ತಲೆ ಬಂದು ಹೋಯಿತು. ಕೈಗೆ ಸಿಕ್ಕಿದ್ದು ಜರಡಿಯ ಪಕ್ಕದ ಬೋಗುಣಿ. ಅದರಲ್ಲಿ ಆಗಷ್ಟೇ ಜರಡಿ ಹಿಡಿದ ನುಣ್ಣನೆ ಪುಡಿ. ಪೂರಾ ಬೋಗುಣಿಯನ್ನು ಅವನ ತೆರೆದ ಕಣ್ಣುಗಳಿಗೆ ಉಜ್ಜಿದಳು.

ಅವನ ಕೂಗು ಒನಕೆಗಳ ಸದ್ದನ್ನೂ ಮೀರಿತು. ಕುರುಡನಾಗಿ ಕೈ ಬೀಸುತ್ತಾ ಮುಂದೆ ಬಂದ, ಅವಳು ಸರಿದಳು, ಅವನು ಜರಡಿಗೆ ಎಡವಿ ಮುಗ್ಗರಿಸಿದ. ಒರಳುಗಳ ಕಡೆಗೇ ಬೀಳುತ್ತಿದ್ದಾನೆ ಅಂತ ಅವಳಿಗೆ ಹೊಳೆದದ್ದು, ಅವಳ ಕಾಲು ಹಿಡಿಯ ಕಡೆ ಓಡಿದ್ದು, ಎರಡೂ ಒಟ್ಟಿಗೇ. ಯೋಚನೆ ಮಾಡಿ ಓಡಿದ್ದಲ್ಲ. ಶಿವನಂಜಮ್ಮ ಕಲಿಸಿದ ಕೆಲಸ ಮೈಯೊಳಗೆ ಇತ್ತು, ಅದು ಓಡಿತು. ಹಿಡಿಗೆ ಜೋತುಬಿದ್ದು ಜಗ್ಗಿದಳು. ನಾಲ್ಕೂ ರಾಕ್ಷಸರು ಮೇಲೆ ನಿಂತರು. ದಿಲೀಪನ ಬಲಗೈ ಮೊಣಕೈಯವರೆಗೆ ಮೂರನೆಯ ಒರಳಿನೊಳಗೆ ಹೋಗಿತ್ತು.

ಎಳೆದುಕೊಳ್ಳಲು ನೋಡಿದ. ಬರಲಿಲ್ಲ. ಒರಳಿನ ಒಳಗಿನ ಕಬ್ಬಿಣದ ತಗಡು ಒಂದು ಕಡೆ ಸೀಳಿತ್ತು; ಕಡಗ ಆ ಸೀಳಿಗೆ ಸಿಕ್ಕಿಕೊಂಡಿತ್ತು.

ಸಾಹುಕಾರರೂ ಹೆಂಗಸರೂ ಒಳಗೆ ನುಗ್ಗಿ ಅಲ್ಲಲ್ಲೇ ನಿಂತರು. ಯಾರೋ "ಅಯ್ಯಯ್ಯೋ" ಅಂದರು. ಕುಸುಮ ಹಿಡಿಯ ಮೇಲೆ ಇಡೀ ಮೈ ಹಾಕಿ ನಿಂತಿದ್ದಳು. ತಲೆಯ ಹಿಂದಿನಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು.

"ದಿಲೀಪ," ಅಂದಳು. "ನಂಜಕ್ಕನ ಕೈ ಒಳಗಿದ್ದಾಗ ನಿನ್ ಕೈ ಎಲ್ಲಿತ್ತು?"

"ಕಣ್ಣು ಕಾಣ್ತಿಲ್ಲ! ಯಾರಾದ್ರೂ ಎಳೀರೋ!"

"ಎಲ್ಲಿತ್ತು?"

"ಹಿಡಿ ಮೇಲೇ ಇತ್ತು! ಅವ್ಳೇ ಬುಡು ಅಂದ್ಳು! ಮುದ್ಕಿ ತೂಕಡಿಸ್ತಿದ್ಳು!"

ಆಗ ಕುಸುಮಳೊಳಗೆ ಏನೋ ಬಹಳ ತಣ್ಣಗಾಯಿತು. ಸೊಂಟದಿಂದ ಹಳೆಯ ಬೆಣೆಯನ್ನು ತೆಗೆದಳು. ಹಿಡಿಗೂ ಪಟ್ಟಿಗೂ ನಡುವೆ ಇಟ್ಟು ಅಂಗೈಯಿಂದ ಎರಡು ಏಟು ಕೊಟ್ಟಳು. ಕೈ ಬಿಟ್ಟಳು. ಒನಕೆಗಳು ನಿಂತೇ ಇದ್ದವು. ಒಂದೊಂದೇ ಹೆಜ್ಜೆ ಇಟ್ಟು ಹಿಂಬಾಗಿಲಿಗೆ ನಡೆದಳು. ಅವನು ನಿಲ್ಲುತ್ತಿದ್ದ ಜಾಗದಲ್ಲೇ ನಿಂತು, ಅವನ ಹಾಗೆಯೇ ಎಳೆದು ಅಂದಳು:

"ಹೂಂ."

ಕಣ್ಣಿಲ್ಲದವನಿಗೆ ಕಿವಿ ಇತ್ತು. ಹೂಂ ಬಂದ ದಿಕ್ಕು ಯಾವುದು ಅಂತ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

"ಕುಸುಮಕ್ಕಾ... ಎಲ್ಲಿಂದ ಅಂತಿದ್ದೀಯ? ಬಾಗ್ಲಲ್ಲಿದ್ದೀಯಾ? ಹಿಡಿ ಯಾರ್ ಹಿಡ್ದವ್ರೆ?"

"ನಿನ್ ಬೆಣೆ ಹಿಡ್ದೈತೆ. ಹಳೇದು."

"ಬ್ಯಾಡ ಕಣಮ್ಮ, ನಿನ್ ಕಾಲಿಗೆ ಬೀಳ್ತೀನಿ! ಅದು ನಿಲ್ಲಲ್ಲ! ಅದು ಜಾರ್ತದೆ! ಅವತ್ತೂ ಜಾರ್ತು!" ಅವನು ತೋಳನ್ನು ಕಿತ್ತುಕೊಳ್ಳುವ ಹಾಗೆ ಜಗ್ಗುತ್ತಿದ್ದ, ಕಡಗದ ಕೆಳಗೆ ಚರ್ಮ ಸುಲಿದು ಬರುತ್ತಿತ್ತು. "ನಾನು ಹಿಡಿ ಹತ್ರ ಇರ್ಲಿಲ್ಲ, ಬೆಣೆ ಕೊಟ್ಟು ಹೋಗಿದ್ದೆ! ಮುದ್ಕಿ ಬುಡು ಅನ್ನಲಿಲ್ಲ! ಅನ್ನಲಿಲ್ಲ! ಹಿಡಿ ಹಿಡ್ಕೋಳ್ರೋ ಯಾರಾದ್ರೂ!"

ಅಲ್ಲಿದ್ದ ಎಲ್ಲರೂ ಕೇಳಿಸಿಕೊಂಡರು. ಕುಸುಮಳಿಗೆ ಬೇಕಾಗಿದ್ದದ್ದು ಅಷ್ಟೇ. ಅವಳು ಹಿಡಿಯ ಕಡೆ ಓಡಿದಳು.

ಅದೇ ಹೊತ್ತಿಗೆ ಸಾಹುಕಾರರು, ಏನಾದರೂ ಮಾಡಬೇಕಲ್ಲ ಅಂತ, ಮೋಟಾರಿನ ಸ್ವಿಚ್ಚನ್ನು ಕೆಳಗೆ ಎಳೆದರು. ಆ ಮೋಟಾರು ಆರುವಾಗ ಕೊನೆಯದಾಗಿ ಒಮ್ಮೆ ಮೈ ಒದರುತ್ತದೆ. ಸಂಜೆ ಸಂಜೆ ನೋಡಿದ್ದೇ. ಮಿಲ್ಲೆಲ್ಲ ಗಡಗಡ ಅಂದಿತು. ಬೆಣೆ ಜಾರಿತು. ಕುಸುಮಳ ಬೆರಳ ತುದಿಗೂ ಹಿಡಿಗೂ ನಡುವೆ ಒಂದು ಮೊಳ ಉಳಿದಿತ್ತು.

ಹಸಿ ಸೌದೆ ಮುರಿದ ಸದ್ದು.

ಈ ಸಲ ಒನಕೆ ಮತ್ತೆ ಏಳಲಿಲ್ಲ. ಮೋಟಾರು ಆರಿತ್ತು. ಮಿಲ್ಲಿನಲ್ಲಿ ಬೆಳಗಿನ ಹೊತ್ತಿನಂಥ ನಿಶ್ಶಬ್ದ. ಅದರ ನಡುವೆ ದಿಲೀಪ ಬಾಯಿ ತೆರೆದು, ಶಿವನಂಜಮ್ಮನ ಹಾಗೆಯೇ, ತನ್ನ ತೋಳನ್ನು ಹುಡುಕುತ್ತಿದ್ದ. ಕುಸುಮಳೇ ಹಿಡಿ ಜಗ್ಗಲು ಹೋದಳು. ದಂಡ ತಿರುಗದೆ ಕೊಕ್ಕೆ ಏನನ್ನೂ ಎತ್ತುವುದಿಲ್ಲ. ಕೊನೆಗೆ ನಾಲ್ಕು ಜನ ಸೇರಿ ಒನಕೆಯನ್ನು ತಬ್ಬಿ ಎತ್ತಿದರು. ಕಡಗ ಚಪ್ಪಟೆಯಾಗಿ ಬಿಟ್ಟುಕೊಂಡಿತ್ತು. ಕಿರುಬೆರಳು ಮತ್ತು ಅದರ ಪಕ್ಕದ್ದು ಇರಲಿಲ್ಲ. ಬೆಂಚಿನ ಹೆಂಗಸೊಬ್ಬಳು ತನ್ನ ದುಪಟ್ಟಾ ಹರಿದು ಸುತ್ತಿದಳು. ಆಟೋದಲ್ಲಿ ಹಾಕಿ ಕಳಿಸಿದರು. ಓಣಿಯ ತಿರುವಿನವರೆಗೂ ಅವನ ಕೂಗು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

ಕುಸುಮ ಒರಳಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಸಾಹುಕಾರರು ಬಂದು ಬಗ್ಗಿದರು.

"ಪೊಲೀಸ್ನೋರು ಬರ್ತಾರೆ. ನೋಡಮ್ಮ, ನಾನು ಸ್ವಿಚ್ ಎಳೆದಿದ್ದು ಯಾರೂ ಹೇಳೋದು ಬೇಡ. ನಿಂಗೂ ತೊಂದ್ರೆ ಬೇಡ. ಅವ್ನು ಜಾರಿ ಬಿದ್ದ. ನೀನು ಹಿಡಿ ಹಿಡ್ಕೊಂಡೇ ಇದ್ದೆ. ಅವ್ನೇ ಬುಡು ಅಂದ, ಬುಟ್ಟೆ. ಅಷ್ಟೇ ತಾನೆ?"

ಕುಸುಮ ಅವರ ಮುಖ ನೋಡಿದಳು. ಬಾಗಿಲಲ್ಲಿ ಶಿವನಂಜಮ್ಮ ನಿಂತಿದ್ದರು. ಗಲಾಟೆ ಕೇಳಿ ಬಂದವರು, ಬಟ್ಟೆಯ ಉಂಡೆಯನ್ನು ಎದೆಗೆ ಒತ್ತಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಕೇಳಿ ಸಾವ್ಕಾರ್ರೇ," ಅಂದಳು ಕುಸುಮ. "ಅವತ್ತು ಅವನ್ನ ಕೇಳಿದ್ರಲ್ಲ, ಹಂಗೇ ಕೇಳಿ."

"ಏನು ಕೇಳ್ಲಿ?"

"ನಿನ್ ಕೈ ಹಿಡಿ ಮೇಲಿತ್ತಾ ಅಂತ."

ಅವರು ಕೇಳಲಿಲ್ಲ. ಬೆಂಚಿನ ಹೆಂಗಸರ ಕಡೆ ತಿರುಗಿ, ಮತ್ತೆ ಅವಳ ಕಡೆ ತಿರುಗಿದರು. ಆಗ ಕೇಳಿದವರು ಶಿವನಂಜಮ್ಮ. ಮೆಲ್ಲನೆ, ಬಾಗಿಲಿನಿಂದಲೇ.

"ಇತ್ತೇನೆ ಕುಸುಮ?"

"ಇರ್ಲಿಲ್ಲ ನಂಜಕ್ಕ. ಬೆಣೆ ಕೊಟ್ಟು ಹೋಗಿದ್ದೆ."

ಶಿವನಂಜಮ್ಮ ಒಳಗೆ ಬಂದರು. "ಥೂ, ಇದ್ಕೇನೆ ನಾನು ನಿಂಗೆ ಕೆಲ್ಸ ಕಲಿಸಿದ್ದು?" ಅಂದರು, ಬೈಗುಳದಲ್ಲಿ ಬಿಸಿ ಇರಲಿಲ್ಲ. ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಎಡಗೈಯಲ್ಲಿ ತೆಗೆದು, ಮುಚ್ಚಳವನ್ನು ಹಲ್ಲಿನಿಂದ ಬಿಚ್ಚಿ, ಎದುರಿಗೆ ಕೂತರು. ಕುಸುಮಳ ಕೈಗಳು ಖಾರಕ್ಕೆ ಬೆಂದು ಊದಿದ್ದವು. ಮುಷ್ಟಿ ಬಿಚ್ಚಲು ಆಗುತ್ತಿರಲಿಲ್ಲ.

"ಚಾಚು."

ಕುಸುಮ ಚಾಚಲಿಲ್ಲ. "ಅವ್ನ ಬಾಯಲ್ಲೇ ಬಂತು ನಂಜಕ್ಕ. ನೀನು ಬುಡು ಅನ್ನಲಿಲ್ಲ ಅಂತ. ಇವ್ರೆಲ್ಲ ಕೇಳಿದಾರೆ."

"ನಾನೂ ಕೇಳಿದೆ. ಚಾಚು ಅಂದೆ."

ಅವಳು ಚಾಚಿದಳು. ಶಿವನಂಜಮ್ಮ ಎಣ್ಣೆ ಸುರಿದು, ಉಳಿದ ಒಂದು ಕೈಯ ಐದು ಬೆರಳಿನಿಂದ ಒಂದೊಂದೇ ಬೆರಳನ್ನು ಬಿಡಿಸಿ ಸವರತೊಡಗಿದರು. ಹತ್ತೂ ಇದ್ದವು. ಓಣಿಯ ತುದಿಯಲ್ಲಿ ಜೀಪು ನಿಂತ ಸದ್ದಾಯಿತು. ಒಳಬಂದ ಹವಾಲ್ದಾರರು ಮೂಗಿಗೆ ಕರವಸ್ತ್ರ ಹಿಡಿದು, ಸೀನಿ, ಯಾರಮ್ಮ ಇಲ್ಲಿ ಹಿಡಿ ಹತ್ರ ನಿಂತಿದ್ದೋರು ಅಂತ ಕೇಳಿದಾಗ, ಸಾಹುಕಾರರು ಬಾಯಿ ತೆರೆಯುವ ಮೊದಲೇ ಕುಸುಮ ತಲೆ ಎತ್ತಿದಳು.

"ನಾನೇ ನಿಲ್ಬೇಕಾಗಿತ್ತು," ಅಂದಳು. "ಬರ್ಕೊಳ್ಳಿ, ಮೊದಲಿಂದ ಹೇಳ್ತೀನಿ."